ಮೈ ನೆನಪಾಗಲು ಕುಣಿತ: ನಿಮ್ಮಲ್ಲಿ ಯಾರಿಗಾದರೂ ಈ ಅನುಭವ ಆಗಿದೆಯಾ?

ಎಡಪಾದ

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ತಾಳ್ಮೆಯಿಂದ ಓದಿ.

ಮೂರು ವರ್ಷದ ಹಿಂದೆ ಒಂದು ರಸ್ತೆ ಅಪಘಾತದಲ್ಲಿ ಸಿಕ್ಕಿಕೊಂಡೆ. ನಾನು ಗಾಡಿ ಓಡಿಸುತ್ತಿರಲಿಲ್ಲ, ಪಕ್ಕದ ಸೀಟಿನಲ್ಲಿದ್ದೆ. ಎದುರಿನಿಂದ ಇನ್ನೊಂದು ಗಾಡಿ ಬರುವುದು ಕಾಣುತ್ತಿತ್ತು. ಕಿರುಚಬೇಕು ಅನಿಸಿತು, ದನಿ ಹೊರಡಲಿಲ್ಲ. ಕೈ ಅಡ್ಡ ಹಿಡಿಯಬೇಕು ಅನಿಸಿತು, ಕೈ ಏಳಲಿಲ್ಲ. ಎಡಗಾಲಿನ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು. ಎಕ್ಸ್‌ರೇ ನೋಡಿದ ಡಾಕ್ಟರು ಎಲ್ಲಾ ಸರಿಹೋಗಿದೆ ಅಂದರು. ಮೂಳೆಯ ಮಟ್ಟಿಗೆ ಅದು ನಿಜ.

ಆದರೆ ನನಗೆ ಮೈಯೇ ಇರಲಿಲ್ಲ. ಕತ್ತಿನಿಂದ ಮೇಲೆ ನಾನು, ಕತ್ತಿನಿಂದ ಕೆಳಗೆ ಯಾರದೋ ಸಾಮಾನು. ಅದಕ್ಕೆ ಸ್ನಾನ ಮಾಡಿಸುತ್ತಿದ್ದೆ, ಬಟ್ಟೆ ತೊಡಿಸುತ್ತಿದ್ದೆ, ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹಸಿವೆ ಗೊತ್ತಾಗುತ್ತಿರಲಿಲ್ಲ. ಗಡಿಯಾರ ನೋಡಿ ಊಟ ಮಾಡುತ್ತಿದ್ದೆ. ಜೋರಾಗಿ ಬ್ರೇಕ್ ಹಾಕಿದ ಸದ್ದು ಕೇಳಿದಾಗ ಮಾತ್ರ ಮೈ ಇದೆ ಅಂತ ತಿಳಿಯುತ್ತಿತ್ತು. ಎದೆ ಝಲ್ಲೆಂದು, ಉಸಿರು ಸಿಕ್ಕಿಕೊಂಡು, ನಿಂತಲ್ಲೇ ಕಲ್ಲಾಗುತ್ತಿದ್ದೆ.

ಕೌನ್ಸೆಲರ್ ಹತ್ತಿರ ಒಂದು ವರ್ಷ ಮಾತಾಡಿದೆ. ಅದರಿಂದ ಉಪಯೋಗ ಆಯಿತು, ಅದನ್ನು ಹಗುರ ಮಾಡುತ್ತಿಲ್ಲ. ನಿದ್ದೆ ಬರತೊಡಗಿತು. ನನ್ನ ತಪ್ಪೇನೂ ಇರಲಿಲ್ಲ ಅನ್ನುವುದು ತಲೆಗೆ ಹೋಯಿತು. ಆದರೂ ಆ ದಿನದ ಕಥೆಯನ್ನು ಪಕ್ಕದ ಮನೆಯವರ ಕಥೆ ಹೇಳಿದ ಹಾಗೆ ಹೇಳುತ್ತಿದ್ದೆ. ಒಂದು ದಿನ ಅವರು ಮಧ್ಯದಲ್ಲಿ ತಡೆದು ಕೇಳಿದರು, "ಇದನ್ನು ಹೇಳುತ್ತಿರುವಾಗ ನಿಮ್ಮ ಎಡಪಾದ ಎಲ್ಲಿದೆ?" ನಾನು ಬಗ್ಗಿ ನೋಡಿ ಉತ್ತರ ಹೇಳಬೇಕಾಯಿತು.

ಮನೆಯಲ್ಲಿ ಒಂದು ಹಾಡು ಹಾಕಿಕೊಂಡು ಸ್ವಲ್ಪ ಅಲುಗಾಡಿ ನೋಡಿ ಅಂತ ಹೇಳಿದ್ದೂ ಅವರೇ. ಕುಣಿತ ಅಂದ ಕೂಡಲೇ ಎಲ್ಲರೂ ಹೇಳುವುದು ಮೈಮರೆತು ಕುಣಿ ಅಂತ, ಅಲ್ವಾ? ನಾನು ಮೊದಲೇ ಮೈ ಮರೆತವಳು. ನನಗೆ ಮೈ ನೆನಪಾಗಬೇಕಿತ್ತು.

ಶುರು ಮಾಡಿದ್ದು ಇಷ್ಟೇ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಬರಿಗಾಲಲ್ಲಿ ನಿಂತು, ಭಾರವನ್ನು ಬಲಗಾಲಿಂದ ಎಡಗಾಲಿಗೆ, ಎಡಗಾಲಿಂದ ಬಲಗಾಲಿಗೆ ಹಾಕುವುದು. ಹಾಡು ಮುಗಿಯುವ ತನಕ. ಹತ್ತು ದಿನ ಏನೂ ಆಗಲಿಲ್ಲ. ಸುಮ್ನೆ ತೂಗಾಡಿದ ಹಾಗೆ. ಹನ್ನೊಂದನೇ ದಿನ ಭಾರ ಎಡಕ್ಕೆ ಹೋದಾಗ ಮೊದಲು ಹಿಮ್ಮಡಿ ಗೊತ್ತಾಯಿತು. ಆಮೇಲೆ ಪಾದದ ಹೊರ ಅಂಚು. ಆಮೇಲೆ ಕಿರುಬೆರಳು. ನೆಲ ತಣ್ಣಗಿತ್ತು. ಆ ಹತ್ತು ದಿನವೂ ಅದು ಅಷ್ಟೇ ತಣ್ಣಗೆ ಇದ್ದಿರಬೇಕು. ಚೌಕಟ್ಟು ಹಿಡಿದುಕೊಂಡೇ ತುಂಬ ಹೊತ್ತು ಅತ್ತೆ.

ಈಗ ಮೂರು ತಿಂಗಳಾಯಿತು. ಕೈ, ಭುಜ, ಸೊಂಟ ಒಂದೊಂದೇ ಸೇರಿಕೊಂಡಿವೆ. ಆದರೆ ಲಯ ಜೋರಾದರೆ ಅಂಗೈ ಬೆವರುತ್ತದೆ, ತೊಡೆ ಗಡಗಡ ನಡುಗುತ್ತದೆ. ಆಗ ಮುಂದುವರಿಸಬೇಕಾ, ನಿಲ್ಲಿಸಬೇಕಾ ಗೊತ್ತಾಗುವುದಿಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹಳೇ ವಿದ್ಯಾರ್ಥಿನಿ

ನಿಮ್ಮ ಪಾದದ ಮಾತು ಓದಿ ನನಗೂ ಕಣ್ಣು ತುಂಬಿತು. ನಾನು ಬೇರೆ ಕಡೆಯಿಂದ ಬಂದವಳು. ಹದಿನಾಲ್ಕು ವರ್ಷ ಶಾಸ್ತ್ರೀಯ ನೃತ್ಯ ಕಲಿತೆ. ಮೈ ಮೇಲೆ ನನಗೆ ಒಳ್ಳೆಯ ಹಿಡಿತ ಇತ್ತು. ಮದುವೆಯಾದ ಮೇಲೆ ಆರು ವರ್ಷ ಮನೆಯಲ್ಲಿ ಪೆಟ್ಟು ತಿಂದೆ. ಹೊರಗೆ ಬಂದ ಮೇಲೆ ಮತ್ತೆ ನೃತ್ಯ ಶುರು ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅಂದುಕೊಂಡಿದ್ದೆ.

ಹಾಗಾಗಲಿಲ್ಲ. ಕನ್ನಡಿ ಮುಂದೆ ನಿಂತರೆ ಬರೀ ತಪ್ಪು ಕಾಣುತ್ತಿತ್ತು. ಮೊಣಕೈ ಇಳಿದಿದೆ, ಬೆನ್ನು ಬಾಗಿದೆ, ಕಾಲು ಸಾಕಷ್ಟು ತೆರೆದಿಲ್ಲ. ನನ್ನ ಮೈಯನ್ನು ನಾನೇ ಹೊರಗಿನಿಂದ ನಿಂತು ತಿದ್ದುತ್ತಿದ್ದೆ. ಆ ಮನೆಯಲ್ಲಿ ಇನ್ನೊಬ್ಬರು ಮಾಡುತ್ತಿದ್ದದ್ದೂ ಅದೇ ಅಲ್ವಾ, ನನ್ನ ಮೈಯಲ್ಲಿ ತಪ್ಪು ಹುಡುಕುವುದು? ಈ ಸಾಲು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಒಂದು ದಿನ ಕನ್ನಡಿಯ ಮೇಲೆ ಬೆಡ್‌ಶೀಟ್ ಹೊದಿಸಿದೆ. ಕಲಿತ ಅಡವು ಒಂದೂ ಮಾಡಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಅರ್ಧ ಗಂಟೆ ಏನೂ ತೋಚದೆ ನೆಲದ ಮೇಲೆ ಮಲಗಿದ್ದೆ. ಆಮೇಲೆ ಬಲಗೈ ತಾನಾಗಿ ತಲೆಯ ಮೇಲೆ ಹೋಗಿ ಚಾಚಿಕೊಂಡಿತು, ನಿದ್ದೆಯಿಂದ ಎದ್ದಾಗ ಮೈ ಮುರಿಯುತ್ತೇವಲ್ಲ, ಹಾಗೆ. ಅದನ್ನು ಯಾರೂ ನನಗೆ ಕಲಿಸಿರಲಿಲ್ಲ. ನನ್ನ ಕುಣಿತ ಅಲ್ಲಿಂದ ಶುರುವಾಯಿತು.

ನೃತ್ಯ ಕಲಿಯುವುದು ಬೇರೆ, ನೀವು ಮಾಡುತ್ತಿರುವುದು ಬೇರೆ. ಯಾವುದಾದರೂ ಕ್ಲಾಸಿಗೆ ಸೇರಿ ಅಂತ ಯಾರಾದರೂ ಹೇಳಿದರೆ ಆತುರ ಪಡಬೇಡಿ.

ತಾಳಲಯ

ನಾನು ನೃತ್ಯ ಚಲನೆ ಚಿಕಿತ್ಸೆಯಲ್ಲಿ ತರಬೇತಿ ಪಡೆದವಳು, ಇದೇ ನನ್ನ ಕೆಲಸ. ಎಡಪಾದ ಅವರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಗೊತ್ತಾಗದಿದ್ದರೆ ನಿಲ್ಲಿಸಿ. ನಿಲ್ಲಿಸಿದರೆ ಏನೂ ನಷ್ಟ ಇಲ್ಲ. ಅದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಘಾತದ ಹೊತ್ತಿನಲ್ಲಿ ಮೈ ಏನೋ ಒಂದು ಮಾಡಲು ಹೊರಟಿರುತ್ತದೆ. ಓಡಲು, ತಳ್ಳಲು, ಕೂಗಲು. ಅಡ್ರಿನಲಿನ್ ಏರಿರುತ್ತದೆ, ಸ್ನಾಯು ಬಿಗಿದಿರುತ್ತದೆ. ದಾರಿ ಇಲ್ಲ ಅನಿಸಿದಾಗ ಮೈ ಮರಗಟ್ಟಿ ನಿಲ್ಲುತ್ತದೆ. ನೀವು ಕೈ ಏಳಲಿಲ್ಲ ಅಂದಿರಲ್ಲ, ಅದು ಹೇಡಿತನ ಅಲ್ಲ. ನೀವು ಯೋಚಿಸಿ ಆರಿಸಿಕೊಂಡದ್ದೂ ಅಲ್ಲ. ಮಿದುಳಿನ ತಳದ ಭಾಗಗಳು ನಮ್ಮನ್ನು ಕೇಳದೆ ಮಾಡುವ ಕೆಲಸ. ಹಾಗಾಗಿ ಆಘಾತದಲ್ಲಿ ಮೊದಲು ಕೈತಪ್ಪುವುದು ಆಯ್ಕೆ. ಅದನ್ನು ವಾಪಸ್ ಪಡೆಯುವುದೇ ನಮ್ಮ ಕೆಲಸದ ತಿರುಳು. ನಾನು ಬೇಕಾದಾಗ ಅಲುಗಾಡುತ್ತೇನೆ, ಬೇಡವಾದಾಗ ನಿಲ್ಲುತ್ತೇನೆ. ನನ್ನ ಅನುಭವದಲ್ಲಿ ಎರಡನೆಯದು ಬರುವುದು ನಿಧಾನ.

ಮಾತಿನಲ್ಲಿ ಯಾಕೆ ಪೂರ್ತಿ ಸಿಗಲಿಲ್ಲ ಅನ್ನುವುದಕ್ಕೂ ಒಂದು ಸುಳಿವು ಇದೆ. 1996ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಆಘಾತದ ನಂತರದ ಒತ್ತಡದ ಕಾಯಿಲೆ ಇದ್ದ 8 ಜನರಿಗೆ ಅವರದೇ ಘಟನೆಯನ್ನು ಓದಿ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಮಾತು ಹುಟ್ಟಿಸುವ ಬ್ರೋಕಾ ಪ್ರದೇಶದ ಚಟುವಟಿಕೆ ಇಳಿದಿತ್ತು. ಆ ತಂಡದಲ್ಲಿ ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಕೂಡ ಇದ್ದರು. 8 ಜನರ ಮೇಲೆ ದೊಡ್ಡ ಕಟ್ಟಡ ಕಟ್ಟಬಾರದು. ಆದರೆ ಬಾಯಿ ಕಟ್ಟಿಹೋಯಿತು ಅಂತ ನಾವು ಹೇಳುತ್ತೇವಲ್ಲ, ಆ ಮಾತಿಗೂ ಇದಕ್ಕೂ ಹೊಂದಿಕೆ ಇದೆ.

ಇನ್ನು ಹಸಿವೆ ಗೊತ್ತಾಗದೆ ಇದ್ದದ್ದು, ನೆಲ ತಣ್ಣಗಿರುವುದು ತಿಳಿಯದೆ ಇದ್ದದ್ದು. ಹಸಿವೆ, ಎದೆಬಡಿತ, ಉಸಿರು, ಇವುಗಳ ಸುದ್ದಿ ಸದಾ ಮಿದುಳಿಗೆ ಹೋಗುತ್ತಿರುತ್ತದೆ. ಅದನ್ನು ಸೇರಿಸಿ ಓದುವ ಒಂದು ಮುಖ್ಯ ಜಾಗ ಇನ್ಸುಲಾ. ಕೈಕಾಲು ಎಲ್ಲಿದೆ ಅನ್ನುವ ಸುದ್ದಿ ಸ್ನಾಯು ಮತ್ತು ಕೀಲುಗಳಿಂದ ಬರುತ್ತದೆ. ನೋವು ತಡೆಯಲಾಗದೆ ಹೋದಾಗ ಮನಸ್ಸು ಈ ಸುದ್ದಿಗೆಲ್ಲ ಬಾಗಿಲು ಹಾಕಿಬಿಡುತ್ತದೆ. ನೋವು ಒಳಗೆ ಬರುವುದಿಲ್ಲ, ಜೊತೆಗೆ ಹಸಿವೆಯೂ ಬರುವುದಿಲ್ಲ, ಸಂತೋಷವೂ ಬರುವುದಿಲ್ಲ. ನೀವು ಭಾರವನ್ನು ಈ ಕಾಲಿಂದ ಆ ಕಾಲಿಗೆ ಹಾಕಿ ಹಾಕಿ ಆ ಬಾಗಿಲು ತಟ್ಟಿದ್ದೀರಿ. ಹತ್ತು ದಿನ ತಟ್ಟಿದ ಮೇಲೆ ತೆರೆಯಿತು. ಚೌಕಟ್ಟು ಹಿಡಿದುಕೊಂಡದ್ದು ಕೂಡ ತುಂಬ ಒಳ್ಳೆಯ ಕೆಲಸ. ಯಾರೂ ಹೇಳಿಕೊಡದೆ ನಿಮಗೆ ಅದು ಹೊಳೆದದ್ದು ನನಗೆ ಆಶ್ಚರ್ಯ.

ನಡುಕ ಬಂದರೆ ಹೀಗೆ ಮಾಡಿ. ಕಣ್ಣು ತೆರೆದಿರಿ. ಹಾಡಿನ ಸದ್ದು ಇಳಿಸಿ. ಎರಡೂ ಪಾದ ನೆಲಕ್ಕೆ ಒತ್ತಿ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ಮಿದುಳಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಎದೆಬಡಿತ ಸ್ವಲ್ಪ ನಿಧಾನ ಆಗುತ್ತದೆ, ಇದು ಎಲ್ಲರ ಮೈಯಲ್ಲೂ ಆಗುವುದು. ನಡುಕ ತಾನಾಗಿ ಇಳಿದು ಮೈ ಬೆಚ್ಚಗಾದರೆ ಒಳ್ಳೆಯದು. ಏರುತ್ತಾ ಹೋದರೆ, ಅಥವಾ ಕೋಣೆ ದೂರ ಸರಿದ ಹಾಗೆ, ಸದ್ದು ಬಾವಿಯೊಳಗಿಂದ ಬಂದ ಹಾಗೆ ಅನಿಸಿದರೆ ಅಂದಿಗೆ ಸಾಕು. ಕೂತುಕೊಳ್ಳಿ, ಸುತ್ತ ಇರುವ ವಸ್ತುಗಳ ಹೆಸರು ಜೋರಾಗಿ ಹೇಳಿ. ಮುಂದಿನ ಸಲ ಕೌನ್ಸೆಲರ್‌ಗೆ ಇದನ್ನು ಖಂಡಿತ ತಿಳಿಸಿ.

ಪುರಾವೆ ಎಲ್ಲಿ

ಎಡಪಾದ ಅವರ ಅನುಭವವನ್ನು ನಾನು ಪ್ರಶ್ನೆ ಮಾಡುತ್ತಿಲ್ಲ. ಅವರಿಗೆ ಒಳ್ಳೆಯದಾಗಿದೆ, ಸಂತೋಷ. ನನ್ನ ತಂಗಿ ಒಂದು ಆಘಾತದಿಂದ ಹೊರಬರಲು ಒದ್ದಾಡುತ್ತಿದ್ದಾಳೆ. ಅವಳಿಗೆ ಇದನ್ನು ಹೇಳುವ ಮೊದಲು ಕೇಳಲೇಬೇಕು. ಇದು ನಿಜಕ್ಕೂ ಕೆಲಸ ಮಾಡುತ್ತದೆ ಅಂತ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ? ಕುಣಿದರೆ ಖುಷಿ ಆಗುತ್ತದೆ ಅನ್ನುವುದು ಯಾರಿಗೂ ಗೊತ್ತು. ಚಿಕಿತ್ಸೆ ಅನ್ನಲು ಅಷ್ಟು ಸಾಕಾ?

ತಾಳಲಯ

ಸಾಲದು. ನೀವು ಕೇಳಿದ್ದು ಸರಿಯಾದ ಪ್ರಶ್ನೆ. ತಂಗಿಯ ವಿಷಯ ಅಂದಮೇಲೆ ನಾನೂ ಹೀಗೇ ಕೇಳುತ್ತಿದ್ದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ. ಅಮೆರಿಕದ ನರ್ತಕಿ ಮೇರಿಯನ್ ಚೇಸ್ 1942ರಲ್ಲಿ ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದರು. ಎರಡನೇ ಮಹಾಯುದ್ಧದ ಕಾಲ. ಅಲ್ಲಿ ಮಾತೇ ಆಡದ ರೋಗಿಗಳಿದ್ದರು. ಅವರ ಒಂದು ಸಣ್ಣ ಚಲನೆಯನ್ನು ತಮ್ಮ ಮೈಯಲ್ಲಿ ತೆಗೆದುಕೊಂಡು, ಅದೇ ಲಯದಲ್ಲಿ ಉತ್ತರ ಕೊಡುವುದು ಚೇಸ್ ಅವರ ರೀತಿ. ಅಣಕ ಮಾಡುವುದಲ್ಲ. ನಿನ್ನ ಮೈ ಹೇಳಿದ್ದು ನನ್ನ ಮೈಗೆ ಕೇಳಿಸಿತು ಅಂತ ತಿಳಿಸುವುದು. ಇವತ್ತಿಗೂ ನಾವು ವೃತ್ತವಾಗಿ ನಿಂತು ಶುರು ಮಾಡುವುದು ಅವರಿಂದ ಬಂದದ್ದು. 1966ರಲ್ಲಿ ಅಮೆರಿಕನ್ ಡಾನ್ಸ್ ಥೆರಪಿ ಅಸೋಸಿಯೇಷನ್ ಹುಟ್ಟಿತು, ಚೇಸ್ ಅದರ ಮೊದಲ ಅಧ್ಯಕ್ಷೆ. ಭಾರತದಲ್ಲಿ ಸೋಹಿನಿ ಚಕ್ರವರ್ತಿ 2004ರಲ್ಲಿ ಕೋಲ್ಕತ್ತಾ ಸಂವೇದ್ ಸಂಸ್ಥೆ ಕಟ್ಟಿದರು. ಮಾನವ ಸಾಗಾಣಿಕೆ ಮತ್ತು ಹಿಂಸೆಯಿಂದ ಪಾರಾದ ಹೆಣ್ಣುಮಕ್ಕಳ ಜೊತೆ ಅವರು ಇದೇ ಕೆಲಸ ಮಾಡುತ್ತಾರೆ.

ಪುರಾವೆಯ ವಿಷಯ. ಖಿನ್ನತೆಗೆ ಈ ಚಿಕಿತ್ಸೆ ಎಷ್ಟು ಉಪಯೋಗ ಅಂತ 2015ರಲ್ಲಿ, ಚಿಕಿತ್ಸೆಗಳ ಪುರಾವೆ ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ನಡೆಯಿತು. ಅವರ ಅಳತೆಗೆ ಸರಿಹೊಂದಿದ್ದು ಬರೀ 3 ಅಧ್ಯಯನ, ಒಟ್ಟು 147 ಜನ. ಇಷ್ಟರಿಂದ ಗಟ್ಟಿಯಾಗಿ ಏನೂ ಹೇಳಲಾಗದು ಅಂತ ಬರೆದರು. ಅದನ್ನು ನಾನು ಮುಚ್ಚಿಡುವುದಿಲ್ಲ. 2007ರಲ್ಲಿ ಜರ್ಮನಿಯಲ್ಲಿ ಖಿನ್ನತೆಯಿಂದ ಆಸ್ಪತ್ರೆಯಲ್ಲಿದ್ದ 31 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ವೃತ್ತದಲ್ಲಿ ಕುಣಿಯಿತು. ಇನ್ನೊಂದು ಅದೇ ಸಂಗೀತವನ್ನು ಕೂತು ಕೇಳಿತು. ಮತ್ತೊಂದು ವ್ಯಾಯಾಮದ ಸೈಕಲ್ ತುಳಿಯಿತು. ಕುಣಿದವರಿಗೆ ಹೆಚ್ಚು ಲಾಭ ಕಂಡಿತು. ಆದರೆ ಅದು ಒಂದೇ ಸಲದ ಕುಣಿತ, ಸಣ್ಣ ಗುಂಪು.

ಆಘಾತಕ್ಕೆ ಹತ್ತಿರವಾದದ್ದು ಯೋಗದ ಮೇಲೆ ನಡೆದ ಪರೀಕ್ಷೆ, 2014ರದ್ದು, ವಾನ್ ಡರ್ ಕೋಲ್ಕ್ ಅವರದೇ. ಬೇರೆ ಚಿಕಿತ್ಸೆಯಿಂದ ಆಘಾತದ ನಂತರದ ಒತ್ತಡದ ಕಾಯಿಲೆ ವಾಸಿಯಾಗದ 64 ಹೆಂಗಸರು, 10 ವಾರ. ಕೊನೆಗೆ ಯೋಗದ ಗುಂಪಿನ 31ರಲ್ಲಿ 16 ಜನರಲ್ಲಿ ಆ ಕಾಯಿಲೆ ಇದೆ ಅನ್ನುವಷ್ಟು ಲಕ್ಷಣ ಉಳಿದಿರಲಿಲ್ಲ. ಆರೋಗ್ಯದ ಪಾಠ ಮಾತ್ರ ಕೇಳಿದ ಗುಂಪಿನಲ್ಲಿ 29ಕ್ಕೆ 6. ಯೋಗವೇ ಕುಣಿತ ಅಲ್ಲ. ಆದರೆ ಮೈಯ ಮೂಲಕ ಹೋಗುವ ದಾರಿಯಲ್ಲಿ ಏನೋ ಇದೆ ಅನ್ನಲು ಇದು ಸಾಕು ಅಂತ ನಾನು ನಂಬುತ್ತೇನೆ.

ಹಾಗಾಗಿ ತಂಗಿಗೆ ಈಗ ನಡೆಯುತ್ತಿರುವ ಚಿಕಿತ್ಸೆ, ಔಷಧಿ ಏನಿದ್ದರೂ ನಿಲ್ಲಿಸಬೇಡಿ. ಇದು ಅದರ ಜೊತೆಗೆ. ಅವಳಿಗೆ ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಇವತ್ತೇ ವೈದ್ಯರನ್ನು ಕಾಣಿಸಿ, ಉಳಿದದ್ದು ಆಮೇಲೆ.

ಪುರಾವೆ ಎಲ್ಲಿ

ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಗ್ಯಾರಂಟಿ ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಇವತ್ತೇ ಅವಳ ಹತ್ತಿರ ಮಾತಾಡುತ್ತೇನೆ.

ಹೆಸರು ಬೇಡ

ಎರಡು ದಿನ ಬರೆದು ಅಳಿಸಿ ಮಾಡಿದೆ. ನನಗೆ ಕುಣಿತದಿಂದ ಕೆಟ್ಟದಾಗಿದೆ. ಅದನ್ನೂ ಯಾರಾದರೂ ಹೇಳಬೇಕು.

ಕಾಲೇಜಿನಲ್ಲಿದ್ದಾಗ ನನ್ನ ಮೇಲೆ ಲೈಂಗಿಕ ದೌರ್ಜನ್ಯ ಆಯಿತು. ಅದರ ವಿವರ ಬರೆಯುವುದಿಲ್ಲ. ವರ್ಷಗಳ ನಂತರ ಗೆಳತಿ ಒಂದು ಎರಡು ದಿನದ ಶಿಬಿರಕ್ಕೆ ಕರೆದುಕೊಂಡು ಹೋದಳು. ಕುಣಿತದಿಂದ ನೋವು ಬಿಡುಗಡೆ ಅಂತ ಹೇಳಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿದರು. ಡ್ರಮ್ ಜೋರಾಗುತ್ತಾ ಹೋಯಿತು. ಎಲ್ಲಾ ಹೊರಗೆ ಹಾಕಿ, ತಡೆಯಬೇಡಿ, ನಿಲ್ಲಬೇಡಿ ಅಂತ ಕೂಗುತ್ತಿದ್ದರು. ಸುತ್ತ ಜನ ಅಳುತ್ತಿದ್ದರು, ಅರಚುತ್ತಿದ್ದರು. ಹಿಂದಿನಿಂದ ಯಾರದೋ ಕೈ ನನ್ನ ಭುಜದ ಮೇಲೆ ಬಿತ್ತು.

ಅಲ್ಲಿಗೆ ಮುಗಿಯಿತು. ನಾನು ಕಲ್ಲಾಗಿ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಶಿಬಿರ ನಡೆಸುವವರು ನನ್ನ ಹತ್ತಿರ ಬಂದು "ನೀವು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದೀರಿ" ಅಂದರು. ತಪ್ಪು ನನ್ನದೇ ಅನ್ನುವ ಹಾಗೆ. ಮೂರು ರಾತ್ರಿ ದೀಪ ಆರಿಸದೆ ಕೂತಿದ್ದೆ.

ಅದಕ್ಕೇ ಕೇಳುತ್ತೇನೆ. ಅವತ್ತೂ ನಾನು ಕೂಗಲಿಲ್ಲ, ಶಿಬಿರದಲ್ಲೂ ಬೇಡ ಅನ್ನಲಿಲ್ಲ. ನನ್ನ ಮೈ ನನ್ನ ಕಡೆ ಇದೆಯಾ ಇಲ್ಲವಾ?

ತಾಳಲಯ

ಇದೆ. ಎರಡೂ ಸಲ ನಿಮ್ಮ ಕಡೆಯೇ ಇತ್ತು.

2017ರಲ್ಲಿ ಸ್ವೀಡನ್‌ನಿಂದ ಒಂದು ಅಧ್ಯಯನ ಪ್ರಕಟವಾಯಿತು. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಕೇಳಿದಾಗ, ಆ ಹೊತ್ತಿನಲ್ಲಿ ಮೈ ಗಣನೀಯವಾಗಿ ಮರಗಟ್ಟಿತ್ತು ಅಂದವರು 70 ಶೇಕಡಾ. ತೀವ್ರವಾಗಿ ಮರಗಟ್ಟಿದವರು 48 ಶೇಕಡಾ. ಕೂಗದೆ ಇದ್ದದ್ದು ಒಪ್ಪಿಗೆ ಅಲ್ಲ, ದೌರ್ಬಲ್ಯ ಅಲ್ಲ. ನಿಮ್ಮಂತೆ ಕಲ್ಲಾದವರೇ ಜಾಸ್ತಿ. ದಯವಿಟ್ಟು ಈ ಸಂಖ್ಯೆಯನ್ನು ಎರಡು ಸಲ ಓದಿ.

ಇನ್ನು ಆ ಶಿಬಿರ. ಹೇಳಲು ಬೇಸರ, ಆದರೆ ಹೇಳುತ್ತೇನೆ. ಅದು ಚಿಕಿತ್ಸೆ ಅಲ್ಲ. ಕಣ್ಣು ಕಟ್ಟಿದರು, ಸದ್ದು ಏರಿಸಿದರು, ಕೇಳದೆ ಮುಟ್ಟಿದರು, ನಿಲ್ಲಬೇಡಿ ಅಂದರು. ಆಘಾತದಲ್ಲಿ ಕಳೆದುಕೊಂಡದ್ದನ್ನೇ ಮತ್ತೆ ಕಿತ್ತುಕೊಂಡರು. ಕಣ್ಣು ಮುಚ್ಚಿ ಚಲಿಸುವ ಒಂದು ಪದ್ಧತಿ ಇದೆ. 1950ರ ದಶಕದಲ್ಲಿ ಮೇರಿ ಸ್ಟಾರ್ಕ್ಸ್ ವೈಟ್‌ಹೌಸ್ ಬೆಳೆಸಿದ್ದು. ಅಲ್ಲಿ ಕಣ್ಣು ಮುಚ್ಚುವವರು ತಾವಾಗಿ ಮುಚ್ಚುತ್ತಾರೆ, ಬೇಕಾದಾಗ ತೆರೆಯುತ್ತಾರೆ. ಪಕ್ಕದಲ್ಲಿ ಒಬ್ಬರು ಸಾಕ್ಷಿಯಾಗಿ ಕೂತಿರುತ್ತಾರೆ. ಅವರು ತೀರ್ಪು ಹೇಳುವುದಿಲ್ಲ, ತಿದ್ದುವುದಿಲ್ಲ. ಅದನ್ನು ಕೂಡ ಆಘಾತ ಹಸಿಯಾಗಿರುವಾಗ ನಾನು ಮಾಡಿಸುವುದಿಲ್ಲ.

ಪೀಟರ್ ಲೆವಿನ್ ಅನ್ನುವವರು ದೇಹದ ಮೂಲಕ ಆಘಾತಕ್ಕೆ ಚಿಕಿತ್ಸೆ ಕೊಡುವ ವಿಧಾನ ಕಟ್ಟಿದವರು. ಅವರು ಹೇಳುವ ಎರಡು ಮಾತು ನನಗೆ ದಿನಾ ಬೇಕಾಗುತ್ತದೆ. ಒಂದು, ನೋವನ್ನು ಹನಿಹನಿಯಾಗಿ ಮುಟ್ಟುವುದು. ಇನ್ನೊಂದು, ಕಷ್ಟದ ಕಡೆ ಸ್ವಲ್ಪ ಹೋಗಿ, ಆರಾಮ ಇರುವ ಕಡೆ ವಾಪಸ್ ಬರುವುದು, ಉಯ್ಯಾಲೆ ಹಾಗೆ. ಎಲ್ಲಾ ಒಂದೇ ಸಲ ಹೊರಗೆ ಹಾಕಿದರೆ ಹಗುರ ಆಗುತ್ತದೆ ಅನ್ನುವುದು ತುಂಬ ಜನರ ನಂಬಿಕೆ. ತುಂಬಿದ ಕೆರೆಯ ಕಟ್ಟೆ ಒಡೆದರೆ ಹೊಲಕ್ಕೆ ನೀರು ಸಿಗುವುದಿಲ್ಲ, ಹೊಲವೇ ಕೊಚ್ಚಿಹೋಗುತ್ತದೆ. ತೂಬು ಎತ್ತಬೇಕು, ಸ್ವಲ್ಪ ಸ್ವಲ್ಪ.

ಮುಂದೆ ಯಾವತ್ತಾದರೂ ಯಾರ ಹತ್ತಿರವಾದರೂ ಹೋಗುವುದಾದರೆ ಮೊದಲೇ ಕೇಳಿ. ನಿಮ್ಮ ತರಬೇತಿ ಏನು? ನಾನು ಮಧ್ಯದಲ್ಲಿ ಹೊರಗೆ ಹೋಗಬಹುದಾ? ಮುಟ್ಟುವ ಮೊದಲು ಕೇಳುತ್ತೀರಾ? ನನಗೆ ತಡೆಯಲಾಗದೆ ಹೋದರೆ ಏನು ಮಾಡುತ್ತೀರಿ? ಈ ಪ್ರಶ್ನೆಗೆ ಸಿಡುಕಿದವರ ಹತ್ತಿರ ಹೋಗಬೇಡಿ.

ಹಳೇ ವಿದ್ಯಾರ್ಥಿನಿ

ಹೆಸರು ಬೇಡ ಅವರೇ, ನೀವು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನನಗೆ ತೀರಾ ಸಣ್ಣದೊಂದು ಅಭ್ಯಾಸ ಸಹಾಯ ಮಾಡಿತು. ಹೇಳಬಹುದಾ? ಗೋಡೆಗೆ ಎರಡೂ ಅಂಗೈ ಊರಿ ತಳ್ಳುವುದು. ಅಷ್ಟೇ. ಗೋಡೆ ಅಲುಗುವುದಿಲ್ಲ, ಆದರೆ ತೋಳು, ಬೆನ್ನು, ತೊಡೆ ಎಲ್ಲಾ ಒಂದಾಗಿ ಕೆಲಸ ಮಾಡುವುದು ಗೊತ್ತಾಗುತ್ತದೆ. ಮೊದಮೊದಲು ಹೆದರಿ ಹೆದರಿ ತಳ್ಳುತ್ತಿದ್ದೆ. ಒಂದು ದಿನ ತಳ್ಳುವಾಗ ಬಾಯಿಂದ "ಹೋಗು" ಅಂತ ಬಂತು. ದನಿ ದೊಡ್ಡದೇನೂ ಅಲ್ಲ. ಆಮೇಲೆ ಅದಕ್ಕೆ ಹಾಡು ಸೇರಿತು, ಹೆಜ್ಜೆ ಸೇರಿತು. ನಿಮಗೆ ಬೇಕು ಅನಿಸಿದರೆ ಮಾತ್ರ.

ಹೆಸರು ಬೇಡ

70 ಶೇಕಡಾ. ಹದಿಮೂರು ವರ್ಷ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಇವತ್ತು ಇನ್ನೇನೂ ಬರೆಯಲಾರೆ.

ಕೂತು ಕುಣಿಯುವವನು

ನನ್ನದು ಬೆನ್ನುಹುರಿ ಪೆಟ್ಟು. ಒಂಬತ್ತು ವರ್ಷ ಆಯಿತು. ಸೊಂಟದ ಕೆಳಗೆ ಸ್ಪರ್ಶ ಇಲ್ಲ, ಗಾಲಿಕುರ್ಚಿಯಲ್ಲಿದ್ದೇನೆ. ಪಾದ ನೆಲಕ್ಕೆ ಒತ್ತಿ ಅನ್ನುವ ಸಲಹೆ ಓದಿದಾಗಲೆಲ್ಲ ಇದು ನನಗಲ್ಲ ಅಂತ ಪುಟ ಮುಚ್ಚುತ್ತಿದ್ದೆ. ನನ್ನಂಥವರು ಇಲ್ಲಿ ಇನ್ನೂ ಇರಬಹುದು, ಅವರಿಗಾಗಿ ಬರೆಯುತ್ತೇನೆ.

ನನಗೆ ನೆಲ ಅಂದರೆ ಕುರ್ಚಿಯ ಬೆನ್ನು. ಭುಜದ ಮೂಳೆ ಅದಕ್ಕೆ ತಾಗುವ ಜಾಗದಿಂದ ಶುರು ಮಾಡುತ್ತೇನೆ. ಒರಗುತ್ತೇನೆ, ಬಿಡುತ್ತೇನೆ. ಆಮೇಲೆ ಕತ್ತು. ಆಮೇಲೆ ಬೆರಳುಗಳು. ಹತ್ತು ಬೆರಳಲ್ಲಿ ಎಷ್ಟು ಕುಣಿತ ಇದೆ ಅನ್ನುವುದು ನನಗೆ ಮೊದಲು ಗೊತ್ತಿರಲಿಲ್ಲ. ಚಕ್ರದ ಹಿಡಿ ಹಿಡಿದು ಹಾಡಿನ ತಾಳಕ್ಕೆ ಮುಂದೆ ಹಿಂದೆ ಹೋಗುತ್ತೇನೆ. ಮೊದಲ ಸಲ ಕುರ್ಚಿ ಸಮೇತ ಪೂರ್ತಿ ಒಂದು ಸುತ್ತು ತಿರುಗಿದಾಗ ಗಾಳಿ ಮುಖಕ್ಕೆ ಬಡಿಯಿತು. ನನ್ನ ವೇಗದಿಂದ ಹುಟ್ಟಿದ ಗಾಳಿ ಅದು.

ಗಂಡಸರಿಗೆ ಒಂದು ಮಾತು. ನನ್ನ ಸ್ನೇಹಿತರು ನನ್ನ ಪೆಟ್ಟಿನ ಬಗ್ಗೆ ಎಷ್ಟು ಬೇಕಾದರೂ ಕೇಳುತ್ತಾರೆ, ಭಯದ ಬಗ್ಗೆ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಗುಂಪಿನಲ್ಲಿ ಕುಣಿಯುವಾಗ ಹೇಳುವ ಅಗತ್ಯವೇ ಬೀಳಲಿಲ್ಲ. ಆರು ಜನ ಒಟ್ಟಿಗೆ ಕೈ ಎತ್ತಿ ಒಟ್ಟಿಗೆ ಇಳಿಸುತ್ತೇವೆ. ಅಷ್ಟರಲ್ಲಿ ಎದೆ ಹಗುರ ಆಗಿರುತ್ತದೆ.

ತಾಳಲಯ

ಸರ್, ನನಗೆ ನೀವು ಪಾಠ ಕಲಿಸಿದಿರಿ. ಇನ್ನು ಮೇಲೆ ಪಾದ ಅಂತ ಬರೆಯುವುದಿಲ್ಲ, ನಿಮ್ಮನ್ನು ಹೊತ್ತಿರುವ ಜಾಗ ಅಂತ ಬರೆಯುತ್ತೇನೆ. ಒಟ್ಟಿಗೆ ಕುಣಿಯುವುದರ ಬಗ್ಗೆ ನೀವು ಹೇಳಿದ್ದಕ್ಕೂ ಆಧಾರ ಇದೆ. 2015ರಲ್ಲಿ ಬ್ರೆಜಿಲ್‌ನ 264 ಶಾಲಾ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ಒಂದೇ ಲಯದಲ್ಲಿ ಒಟ್ಟಿಗೆ ಕುಣಿದವರಿಗೆ ನೋವು ತಡೆಯುವ ಶಕ್ತಿ ಹೆಚ್ಚಿತು, ಗುಂಪಿನ ಮೇಲೆ ಆಪ್ತತೆಯೂ ಹೆಚ್ಚಿತು. ಕೂತುಕೊಂಡು ಸಣ್ಣ ಚಲನೆ ಮಾಡಿದವರಲ್ಲೂ, ಲಯ ಕೂಡಿದ್ದರೆ ಸಾಕಿತ್ತು.

ಜೊತೆಗಾರ

ನಾನು ಇಲ್ಲಿ ಹೊರಗಿನವನು. ನನ್ನ ಹೆಂಡತಿಗೆ ಚಿಕ್ಕಂದಿನಲ್ಲಿ ಆದ ಆಘಾತ. ಅವಳು ನನ್ನ ಹತ್ತಿರ ಇರುವಾಗಲೂ ಎಲ್ಲೋ ದೂರ ಇರುತ್ತಾಳೆ. ನಾನು ಕೈ ಹಿಡಿದರೆ ಬೆಚ್ಚುತ್ತಾಳೆ, ಆಮೇಲೆ ಬೆಚ್ಚಿದ್ದಕ್ಕೆ ನನ್ನಲ್ಲಿ ಕ್ಷಮೆ ಕೇಳುತ್ತಾಳೆ. ಆ ಕ್ಷಮೆ ಕೇಳುವುದನ್ನು ನನಗೆ ನೋಡಲಾಗುವುದಿಲ್ಲ. ಇದರಲ್ಲಿ ನಾನು ಮಾಡುವಂಥದ್ದು ಏನಾದರೂ ಇದೆಯಾ? ಸುಮ್ನೆ ದೂರ ಇರುವುದೇ ಒಳ್ಳೆಯದಾ?

ಎಡಪಾದ

ಇದಕ್ಕೆ ನಾನು ಉತ್ತರ ಕೊಡಬಹುದು ಅನಿಸುತ್ತದೆ. ನನ್ನ ಅಕ್ಕ ನನ್ನ ಜೊತೆ ಮಾಡಿದ್ದು ಇದು.

ಇಬ್ಬರೂ ಎದುರುಬದುರು ನಿಲ್ಲುವುದು, ಕೈ ಚಾಚಿದರೂ ತಾಗದಷ್ಟು ದೂರದಲ್ಲಿ. ನಾನು ಕೈ ಎತ್ತಿದರೆ ಅವಳು ಎತ್ತುವುದು, ಇಳಿಸಿದರೆ ಇಳಿಸುವುದು. ಕನ್ನಡಿ ಹಾಗೆ. ಮುಂದೆ ಹೋಗುವವಳು ಯಾವಾಗಲೂ ನಾನೇ. ನಾನು ಅಂಗೈ ತೋರಿಸಿದರೆ ಅವಳು ತಕ್ಷಣ ನಿಲ್ಲಬೇಕು. ಯಾಕೆ ಅಂತ ಕೇಳಬಾರದು, ಮುಖ ಸಣ್ಣದು ಮಾಡಬಾರದು. ಮೊದಲ ದಿನ ನಾನು ಬೇಕಂತಲೇ ಹತ್ತು ಹದಿನೈದು ಸಲ ನಿಲ್ಲಿಸಿದೆ. ಪ್ರತಿ ಸಲವೂ ಅವಳು ನಿಂತಳು. ನನ್ನ ಒಂದು ಕೈಸನ್ನೆಗೆ ಇನ್ನೊಂದು ಮೈ ನಿಲ್ಲುತ್ತದೆ ಅನ್ನುವುದನ್ನು ನೋಡಿ ನೋಡಿ ನನಗೆ ಸಾಕಾಗಲಿಲ್ಲ. ಅಪಘಾತದ ದಿನ ನಿಲ್ಲದೆ ಬಂದದ್ದು ಒಂದು ಗಾಡಿ ತಾನೇ.

ನಿಮ್ಮ ಹೆಂಡತಿಯನ್ನು ಕೇಳಿ ನೋಡಿ, ಅವರು ಒಪ್ಪಿದರೆ ಮಾತ್ರ ಮಾಡಿ. ಬೇಡ ಅಂದರೆ ಆ ಬೇಡವನ್ನು ಸಂತೋಷದಿಂದ ತೆಗೆದುಕೊಳ್ಳಿ. ಅದೂ ಒಂದು ಅಂಗೈ ತೋರಿಸಿದ ಹಾಗೇ.

ಎಡಪಾದ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ತಾಳಲಯ ಅವರು ಹೇಳಿದ ಹಾಗೆ ಮಾಡಿದೆ. ಕೌನ್ಸೆಲರ್‌ಗೂ ಹೇಳಿದೆ. ಈಗ ಜೋರು ಲಯದ ಹಾಡನ್ನು ಅರ್ಧ ನಿಮಿಷ ಮಾತ್ರ ಹಾಕುತ್ತೇನೆ, ಆಮೇಲೆ ನಿಧಾನದ್ದು. ಹೋಗಿ ಬರುವುದು. ತೊಡೆ ಈಗಲೂ ನಡುಗುತ್ತದೆ. ಆದರೆ ಮೊನ್ನೆ ನಡುಕ ಇಳಿದಾದ ಮೇಲೆ ಜೋರಾಗಿ ಆಕಳಿಕೆ ಬಂತು, ಆಮೇಲೆ ಹಸಿವೆ ಆಯಿತು. ಗಡಿಯಾರ ನೋಡಲಿಲ್ಲ.

ಬ್ರೇಕ್ ಸದ್ದಿಗೆ ಇನ್ನೂ ಬೆಚ್ಚುತ್ತೇನೆ. ಕಲ್ಲಾಗುವುದು ಮಾತ್ರ ಸ್ವಲ್ಪ ಕಡಿಮೆ. ಬೆಚ್ಚಿದ ಮೇಲೆ ಭಾರ ಎಡಗಾಲಿಗೆ ಹಾಕುತ್ತೇನೆ, ಬಲಗಾಲಿಗೆ ಹಾಕುತ್ತೇನೆ. ರಸ್ತೆ ಪಕ್ಕ ನಿಂತವರಿಗೆ ಗೊತ್ತೂ ಆಗುವುದಿಲ್ಲ.

ಹೆಸರು ಬೇಡ

ಗೋಡೆ ತಳ್ಳಿದೆ. ನಾಲ್ಕು ದಿನ ಆಯಿತು. ದನಿ ಇನ್ನೂ ಬಂದಿಲ್ಲ, ತುಟಿ ಮಾತ್ರ ಅಲುಗುತ್ತದೆ. ಹೇಳಬೇಕು ಅನಿಸಿತು.

ಹಳೇ ವಿದ್ಯಾರ್ಥಿನಿ

ತುಟಿ ಅಲುಗಿದೆ ಅಂದರೆ ನನಗೆ ಇವತ್ತಿಡೀ ಸಂತೋಷ. ದನಿಗೆ ಆತುರ ಮಾಡಬೇಡಿ ತಂಗಿ. ನನ್ನದು ಬರಲು ತಿಂಗಳುಗಟ್ಟಲೆ ಹಿಡಿಯಿತು.

ಜೊತೆಗಾರ

ನಿನ್ನೆ ರಾತ್ರಿ ಅವಳೇ ಕೇಳಿದಳು, "ಅದೇನೋ ಕನ್ನಡಿ ಆಟ ಅಂದಿದ್ದಿರಲ್ಲ, ಮಾಡೋಣವಾ?" ಕೋಣೆಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಹಾಡು ಬೇಡ ಅಂದಳು, ಹಾಕಲಿಲ್ಲ. ಅವಳು ಬಲಗೈ ಎತ್ತಿದಳು, ನಾನು ಎಡಗೈ ಎತ್ತಿದೆ. ಹಾಗೇ ಸ್ವಲ್ಪ ಹೊತ್ತು. ಇದ್ದಕ್ಕಿದ್ದ ಹಾಗೆ ಅಂಗೈ ತೋರಿಸಿದಳು. ನನ್ನ ಕೈ ಅರ್ಧ ಗಾಳಿಯಲ್ಲಿತ್ತು, ಹಾಗೇ ನಿಲ್ಲಿಸಿದೆ. ಭುಜ ನೋಯತೊಡಗಿದರೂ ಇಳಿಸಲಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು. ತುಂಬ ಹೊತ್ತಾದ ಮೇಲೆ ಒಂದು ಹೆಜ್ಜೆ ಮುಂದೆ ಇಟ್ಟಳು. ನಾನೂ ಇಟ್ಟೆ.